ಉಬ್ಬುವ ಕಲ್ಲಿನ ಸೂಲಗಿತ್ತಿ

ನಮ್ಮ ದುಮ್ಮವಾಡದಲ್ಲಿ ಸಾವಿತ್ರೆವ್ವನ ಕೈಯಲ್ಲಿ ಹುಟ್ಟಿದವರು ಯಾರು ಎಂದು ಕೇಳಬಾರದು, ಹುಟ್ಟದವರು ಯಾರು ಎಂದು ಕೇಳಬೇಕು. ಪಂಚಾಯ್ತಿಯ ಅಧ್ಯಕ್ಷ, ಹಾಲಿನ ಡೇರಿಯ ಕಾರ್ಯದರ್ಶಿ, ಬೈಕ್ ರಿಪೇರಿಯ ಯುನೂಸ್, ಕೊನೆಗೆ ನನ್ನ ಗಂಡ, ಎಲ್ಲರೂ ಅವಳ ಕೈಯಲ್ಲೇ ಮೊದಲ ಸಲ ಅತ್ತವರು. ಗಂಡನ ಮೇಲೆ ಸಿಟ್ಟು ಬಂದಾಗಲೆಲ್ಲ ನಾನು ನೆಟ್ಟಗೆ ಬಾಜು ಮನೆಗೆ ಹೋಗಿ ಅವಳನ್ನೇ ಬೈಯುತ್ತೇನೆ. ಒಮ್ಮೆ ಕೊಟ್ಟ ಮಾಲು ವಾಪಸ್ ತಗೊಳ್ಳುವ ಪದ್ಧತಿ ತನ್ನಲ್ಲಿಲ್ಲ ಎಂದು ಅವಳು ಅಕ್ಕಿ ಆರಿಸುತ್ತಲೇ ಹೇಳುತ್ತಾಳೆ.

ಅವಳಿಗೆ ಈಗ ಎಪ್ಪತ್ತೆಂಟು. ಸೂಲಗಿತ್ತಿಯ ಕೆಲಸ ನಿಂತು ಹನ್ನೆರಡು ವರ್ಷವಾಯಿತು. ಈಗ ನೋವು ಶುರುವಾದರೆ ಮಂದಿ ಫೋನ್ ಹಚ್ಚುತ್ತಾರೆ, ಆಂಬುಲೆನ್ಸ್ ಬಂದು ಕಲಘಟಗಿಗೆ ಒಯ್ಯುತ್ತದೆ, ಮೂರನೆಯ ದಿನ ಕೂಸು ಉಣ್ಣೆಯ ಟೊಪ್ಪಿಗೆ ಹಾಕಿಕೊಂಡು ಮನೆಗೆ ಬರುತ್ತದೆ. ಅದೇ ಒಳ್ಳೆಯದು. ಹಾಗೆಂದು ಮನೆಮನೆಗೆ ಹೋಗಿ ಹೇಳಿದವಳು ನಾನೇ, ಊರ ಪ್ರಾಥಮಿಕ ಶಾಲೆಯ ಶೈಲಶ್ರೀ ಅಕ್ಕೋರು. ಸಾವಿತ್ರೆವ್ವನೂ ಅದೇ ಒಳ್ಳೆಯದು ಎನ್ನುತ್ತಾಳೆ. ಆದರೆ ಹಾಗೆ ಅನ್ನುವಾಗ ಅವಳ ಕೈ ಸುಮ್ಮನಿರುವುದಿಲ್ಲ, ಸೆರಗಿನ ತುದಿ ಹಿಡಿದು ಹೊಸೆಯುತ್ತಿರುತ್ತದೆ. ಅದನ್ನು ನೋಡಿದರೆ ನನಗೆ ಕೆಟ್ಟೆನಿಸುತ್ತದೆ.

ಇಂಥವಳ ಮನೆಗೆ ಹೋದ ವರ್ಷ ದಸರಾ ರಜೆಯಲ್ಲಿ ಒಂದು ಕಲ್ಲು ಬಂತು. ತಂದವಳು ಮೊಮ್ಮಗಳು ದಾನೇಶ್ವರಿ, ನಮ್ಮ ದಾನು. ಧಾರವಾಡದಲ್ಲಿ ಪಿಎಚ್.ಡಿ. ಮಾಡುತ್ತಾಳೆ. ಪ್ರಯೋಗಶಾಲೆಯ ವೈರಿಂಗ್ ಬದಲಿಸಬೇಕೆಂದು ಮೂರು ವಾರ ಕಟ್ಟಡಕ್ಕೆ ಕೀಲಿ ಹಾಕಿದರಂತೆ. ಕಲ್ಲನ್ನಾದರೋ ದಿನಾ ಅದೇ ಹೊತ್ತಿಗೆ ಅಳೆಯಬೇಕು, ತಪ್ಪಿದರೆ ಮೊದಲಿನಿಂದ ಮಾಡಬೇಕು, ಮೊದಲಿನಿಂದ ಮಾಡಲು ಇನ್ನೊಂದು ಕಲ್ಲಿಲ್ಲ. ಎಲ್ಲಿಯೋ ಎರಡು ಸಾವಿರ ಅಡಿ ಆಳದಿಂದ ಕೊರೆದು ತೆಗೆದದ್ದು, ಒಂದು ವರ್ಷ ಪತ್ರ ಬರೆದು ಬೇಡಿದ ಮೇಲೆ ಸಿಕ್ಕಿದ್ದು ಅದೊಂದೇ ತುಂಡು. ಹೆಬ್ಬೆರಳಿನಷ್ಟು ಉದ್ದ, ಅಷ್ಟೇ ದಪ್ಪ, ಇದ್ದಿಲಿನ ಬಣ್ಣ. ಪೇಂಟಿನ ಥಿನ್ನರಿನಂತೆ ನಾರುವ ಟೊಲೀನ್ ಎಂಬ ದ್ರವದಲ್ಲಿ, ಗಾಜಿನ ಭರಣಿಯೊಳಗೆ ಮುಳುಗಿ ಕೂತಿತ್ತು. ಕುಡಿಯುತ್ತಿತ್ತಂತೆ, ಉಬ್ಬುತ್ತಿತ್ತಂತೆ.

ಕಲ್ಲು ಎಲ್ಲಿಯಾದರೂ ಉಬ್ಬುತ್ತದೆಯೇ ಎಂದು ನಾನು ಜಗಳ ತೆಗೆದೆ. ಹದಿನಾರು ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದೇನೆ, ನನಗೆ ಹೇಳಲು ಬರುತ್ತಾಳೆ. ದಾನು ನಕ್ಕು ಬಿಡಿಸಿ ಹೇಳಿದಳು. ಇದರಲ್ಲಿ ಅರ್ಧ ಮಾತ್ರ ಕಲ್ಲು, ಇನ್ನರ್ಧ ಕೋಟಿಗಟ್ಟಲೆ ವರ್ಷದ ಹಿಂದೆ ಸತ್ತು ನೀರಿನ ತಳ ಸೇರಿದ ಪಾಚಿ. ಮೇಲೆ ಬಿದ್ದ ಮಣ್ಣಿನ ಭಾರಕ್ಕೂ ನೆಲದ ಕಾವಿಗೂ ಅದು ಕೆರೋಜನ್ ಎಂಬ ವಸ್ತುವಾಗುತ್ತದೆ. ಅದರೊಳಗೆಲ್ಲ ತೊಡಕಿಕೊಂಡ ದಾರದಂಥ ಎಳೆಗಳು. ಮರಳಿನಲ್ಲಿ ನೀರು ಇಳಿಯುವುದು ಸಂದಿಯಲ್ಲಿ, ಮರಳು ತಾನು ಅಲುಗುವುದಿಲ್ಲ. ಕೆರೋಜನ್ನಿನಲ್ಲಿ ಹಾಗಲ್ಲ. ದ್ರವದ ಕಣ ಎಳೆಗಳ ನಡುವೆ ನುಗ್ಗಿ ಜಾಗ ಮಾಡಿಕೊಳ್ಳುತ್ತದೆ, ಎಳೆ ಸಡಿಲಾಗುತ್ತದೆ, ಹಿಂದೆ ಬರುವ ಕಣಕ್ಕೆ ದಾರಿ ಅಗಲವಾಗುತ್ತದೆ. ಹೋಗುವವನೇ ದಾರಿ ಮಾಡುತ್ತ ಹೋಗುವುದು. ನೆಲದಾಳದ ಎಣ್ಣೆ, ಗ್ಯಾಸು ಹೊರಗೆ ಬರುವುದೂ ಬರದೆ ಸಿಕ್ಕಿಬೀಳುವುದೂ ಇದರ ಮೇಲೆಯೇ ಎಂದಳು.

ನನಗೆ ತಿಳಿಯುವ ಮೊದಲೇ ಇದು ತಿಳಿದದ್ದು ಯುನೂಸನಿಗೆ. ಕಾರ್ಬೊರೇಟರಿನ ರಬ್ಬರ್ ರಿಂಗು ಪೆಟ್ರೋಲಿನಲ್ಲಿ ನೆನೆದರೆ ಉಬ್ಬಿ ತನ್ನ ಜಾಗದಲ್ಲೇ ಕೂಡುವುದಿಲ್ಲ, ಬಿಸಿಲಿಗೆ ಇಟ್ಟರೆ ಮತ್ತೆ ಸಣ್ಣದಾಗುತ್ತದೆ, ಇದೂ ಅದೇ ಜಾತಿಯದು ಎಂದು ಹೇಳಿ, ಚಹಾ ಕುಡಿದು, ಹೊರಟುಹೋದ. ನನ್ನ ಹದಿನಾರು ವರ್ಷದ ವಿಜ್ಞಾನ ಅಲ್ಲಿಗೆ ತಣ್ಣಗಾಯಿತು.

ಈ ಕಲ್ಲಿನ ಮೇಲೆ ದಾನುವಿಗೂ ಅವಳ ಗೈಡ್ ಪ್ರಭು ಸರ್‌ಗೂ ಒಂದು ವಾದವಿತ್ತು. ಕಲ್ಲು ಮೊದಲು ಬೇಗ ಉಬ್ಬಿ, ಆಮೇಲೆ ನಿಧಾನವಾಗಿ, ಸುಮ್ಮನೆ ನಿಂತುಹೋಗುತ್ತದೆ ಎಂದು ಸರ್. ದಾನು ಇಲ್ಲ ಎನ್ನುತ್ತಿದ್ದಳು. ನೆನೆಯದ ಒಳಗಿನ ಭಾಗ ಗಟ್ಟಿಯಾಗಿರುತ್ತದೆ, ಅದು ನೆನೆದ ಹೊರಭಾಗವನ್ನು ಬಿಗಿಯಾಗಿ ಹಿಡಿದಿರುತ್ತದೆ, ಎರಡೂ ಕಡೆಯಿಂದ ಹೊರಟ ದ್ರವ ನಡುವೆ ಕೂಡಿದ ದಿನ ಆ ಹಿಡಿತ ಬಿಟ್ಟು ಕಲ್ಲು ಒಮ್ಮೆಲೇ ಜಿಗಿಯುತ್ತದೆ ಎಂದು ಅವಳ ಊಹೆ. ಜಿಗಿತ ಕಂಡರೆ ಅವಳ ಮೂರು ವರ್ಷದ ಕೆಲಸ ಗೆದ್ದಂತೆ. ಕಾಣದೆ ಕಲ್ಲು ನಿಂತುಬಿಟ್ಟರೆ, ಅದನ್ನು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದ ಕೆಳಗಿಡುವುದು, ಅವಳ ಊಹೆ ಮಣ್ಣುಗೂಡುವುದು.

ಇದನ್ನೆಲ್ಲ ಸಾವಿತ್ರೆವ್ವ ಕಂಬಕ್ಕೆ ಒರಗಿ ಕೇಳಿದಳು.

"ಎಷ್ಟ ದಿನ ತುಂಬ್ಯಾವು ಇದಕ್ಕ?" ಎಂದಳು.

ಇಪ್ಪತ್ತು ಎಂದು ದಾನು ಹೇಳಿದಳು.

"ಒಳಗಿಂದು ಬಿಗಿ ಹಿಡದಿರತೈತಿ. ಅದು ಬಿಟ್ಟ ಮ್ಯಾಲ ತಡಾ ಇಲ್ಲ. ನಿನ್ನ ಮಾತ ಖರೇ ಐತಿ ಬಿಡು."

ಅಷ್ಟೇ. ಪಿಎಚ್.ಡಿ. ಅಲ್ಲಿಗೇ ಮುಗಿದಂತೆ ಅವಳು ಎದ್ದು ಭರಣಿಯ ಪಹರೆಗೆ ನಿಂತಳು. ಮುಚ್ಚಳ ತೆರೆಯುವುದು ಹಿತ್ತಲಲ್ಲಿ, ನುಗ್ಗಿ ಗಿಡದ ಕೆಳಗೆ, ಗಾಳಿ ಆಡುವಲ್ಲಿ ಮಾತ್ರ. ಓಣಿಯಲ್ಲೆಲ್ಲೂ ಬೀಡಿ ಇಲ್ಲ, ಊದಿನಕಡ್ಡಿ ಇಲ್ಲ. ಮಗ ಮಡಿವಾಳೆಪ್ಪ ಗೋವಿನಜೋಳದ ವ್ಯಾಪಾರಿ, ದಿನಕ್ಕೆ ಎಂಟು ಬೀಡಿ ಸೇದುವವನು. ಪಾಪ, ಅವನು ಎಂಟು ಸಲ ಊರ ಅಗಸಿಯತನಕ ನಡೆದುಹೋಗಿ ಬರುವಂತಾಯಿತು.

ಸಾವಿತ್ರೆವ್ವನ ಮನೆಯಲ್ಲಿ ಕಲ್ಲು ಬಸುರಾಗಿದೆ ಎಂಬ ಸುದ್ದಿ ಮಂಗಳವಾರ ಬೆಳಿಗ್ಗೆ ಹಿಟ್ಟಿನ ಗಿರಣಿ ಮುಟ್ಟಿತು. ಮಧ್ಯಾಹ್ನ ಮಿಶ್ರಿಕೋಟಿಯಿಂದ ಫೋನ್ ಬಂತು. ಸಂಜೆಗೆ ಸುದ್ದಿಗೂ ಹೊಟ್ಟೆ ಬಂದಿತ್ತು: ಮಡಿವಾಳೆಪ್ಪನ ಹೊಲದಲ್ಲಿ ಪೆಟ್ರೋಲ್ ಸಿಕ್ಕಿದೆ, ಸರ್ಕಾರದವರು ಕಲ್ಲು ಇಟ್ಟು ನೋಡುತ್ತಿದ್ದಾರೆ. ಇಬ್ಬರು ಹೊಲ ನೋಡಿಕೊಂಡು ಹೋಗಲು ಕಾರಿನಲ್ಲಿ ಬಂದರು. ಬೀಡಿಯಿಲ್ಲದೆ ಕುದಿಯುತ್ತಿದ್ದ ಮಡಿವಾಳೆಪ್ಪ ಮುಖ ಗಂಟಿಕ್ಕಿಕೊಂಡೇ, ಪೆಟ್ರೋಲಿಗೆ ಇನ್ನೂ ಟೈಮ್ ಐತ್ರಿ, ಸದ್ಯ ಸೀಮೆಎಣ್ಣೆ ಇಳಿಯುತ್ತಿದೆ ಎಂದು ಹೇಳಿ ಕಳಿಸಿದ. ಅವರು ಅದನ್ನೂ ನಂಬಿ ಹೋದರು.

ಬಸುರಿ ಎಂದ ಮೇಲೆ ಸೀಮಂತದ ಕುಬಸ ಬೇಡವೇ ಎಂದು ಮಾತು ತೆಗೆದವಳು ಎದುರು ಮನೆಯ ಮಲ್ಲಮ್ಮ. ಗುರುವಾರ ಹನ್ನೊಂದು ಮಂದಿ ಹೆಂಗಸರು ಹರಿವಾಣ ಹೊತ್ತುಕೊಂಡು ಬಂದೇಬಿಟ್ಟರು. ಮಾದಲಿ, ಕರಚಿಕಾಯಿ, ಐದು ನಮೂನೆಯ ಅನ್ನ. ಭರಣಿಯನ್ನು ಮಣೆಯ ಮೇಲೆ ಕೂಡಿಸಿ, ಹಸಿರು ಖಣ ಸುತ್ತಿ, ಮುಚ್ಚಳಕ್ಕೆ ಹಸಿರು ಬಳೆ ತೊಡಿಸಿದರು. ಗಂಡ ಯಾರು ಎಂಬ ಪ್ರಶ್ನೆ ಎದ್ದಿತು. ಥಿನ್ನರ್ ಎಂದು ಒಬ್ಬಳು. ಅತ್ತೆ ಮನೆಯವರು ಧಾರವಾಡದಲ್ಲಿ ಕೂತಿದ್ದಾರೆ, ಒಂದು ಕುಬಸ ಕಳಿಸುವ ಯೋಗ್ಯತೆ ಇಲ್ಲ ಎಂದು ಇನ್ನೊಬ್ಬಳು ಪ್ರಭು ಸರ್‌ರನ್ನು ಹಿಡಿದು ಜಾಡಿಸಿದಳು. ಬಯಕೆ ಏನು ಕೇಳಿ ಎಂದರೆ ಮಲ್ಲಮ್ಮ ಭರಣಿಗೆ ಕಿವಿ ಹಚ್ಚಿ, ಏನೂ ಬೇಡವಂತೆ, ಇನ್ನೊಂದು ಲೋಟ ಥಿನ್ನರ್ ಸಾಕಂತೆ ಎಂದಳು. ನಾನು ಇಂಥ ಮೂಢತನ ಬೇಡ ಎಂದು ಗದರಿಸಲು ಹೋದವಳು, ಮೂರು ಕರಚಿಕಾಯಿ ತಿಂದು ಎರಡು ಹಾಡು ಹೇಳಿ ಬಂದೆ. ನಗು ತಡೆಯಲಾರದೆ ದಾನು ನೆಲಕ್ಕೆ ಕೂತುಬಿಟ್ಟಳು, ಮುಖ ಕೆಂಪಗಾಗಿತ್ತು. ನಕ್ಕು ನಕ್ಕು ಹಾಗಾಯಿತು ಎಂದುಕೊಂಡೆವು. ಅದು ಜ್ವರ.

ನಗದೆ ಇದ್ದವಳು ಸಾವಿತ್ರೆವ್ವ ಒಬ್ಬಳೇ. ಭರಣಿಯ ಬಾಜು ಕೂತು, ಯಾರು ಎಷ್ಟು ಹೊತ್ತು ಕಲ್ಲನ್ನು ದಿಟ್ಟಿಸುತ್ತಾರೆ ಎಂದು ಒಬ್ಬೊಬ್ಬರ ಕಣ್ಣನ್ನೇ ನೋಡುತ್ತಿದ್ದಳು.

ಮರುದಿನ ದಾನುವಿಗೆ ಜ್ವರ ನೂರಾಮೂರು. ಹುಬ್ಬಳ್ಳಿಯ ದವಾಖಾನೆಯಲ್ಲಿ ಟೈಫಾಯ್ಡ್ ಎಂದರು, ಎಂಟು ಹತ್ತು ದಿನ ಇರಬೇಕೆಂದರು. ಅಪ್ಪ ಅವ್ವ ಇಬ್ಬರೂ ಅಲ್ಲಿಯೇ ಉಳಿದರು. ಅವಸರದಲ್ಲಿ ಅಳೆಯುವ ಕ್ಯಾಲಿಪರ್ ಕೂಡ ದಾನುವಿನ ಚೀಲದಲ್ಲಿ ಹುಬ್ಬಳ್ಳಿಗೆ ಹೋಯಿತು. ಅವಳಿಗೆ ಜ್ವರದ ಚಿಂತೆ ಇಲ್ಲ, ಕಲ್ಲಿನ ಚಿಂತೆ. ನಾನು ಶಾಲೆಯ ಸ್ಕೇಲು ತೋರಿಸಿದೆ. ಸಾವಿತ್ರೆವ್ವ ಅದನ್ನು ಬಾಜು ಸರಿಸಿ, ಕಟ್ಟಿಗೆಯಿಂದ ಹೊಟ್ಟೆ ಅಳೆಯಲು ಬರುವುದಿಲ್ಲ ಎಂದು, ತನ್ನ ಸಂಚಿಯಿಂದ ರೇಷ್ಮೆ ದಾರದ ಉಂಡೆ ತೆಗೆದಳು. ನಲವತ್ತು ವರ್ಷ ಬಸುರಿಯರ ಹೊಟ್ಟೆ ಅಳೆದದ್ದು ಅಂಥದೇ ದಾರದಿಂದ. ಪ್ರತಿ ಅಳತೆಗೂ ಹೊಸ ತುಂಡು ಕತ್ತರಿಸಿ ಇಟ್ಟುಕೊಳ್ಳುವುದು ಅವಳ ರೀತಿ.

ಅಂದಿನಿಂದ ದಿನಾ ಬೆಳಿಗ್ಗೆ ಹತ್ತಕ್ಕೆ ಸಾವಿತ್ರೆವ್ವ ಚಿಮಟಿಗೆಯಿಂದ ಕಲ್ಲನ್ನು ಎತ್ತುವಳು, ಕಾಗದದಿಂದ ಒತ್ತಿ ಒರೆಸುವಳು, ಉದ್ದಕ್ಕೊಂದು ದಾರ, ನಡುವಿಗೊಂದು ದಾರ ಹಿಡಿದು ಕತ್ತರಿಸುವಳು, ಎರಡು ನಿಮಿಷದಲ್ಲಿ ಮತ್ತೆ ಒಳಗೆ ಬಿಡುವಳು. ಅವಳ ಕೈ ಚೂರೂ ನಡುಗುತ್ತಿರಲಿಲ್ಲ. ಹನ್ನೆರಡು ವರ್ಷದಲ್ಲಿ ಅವಳನ್ನು ಅಷ್ಟು ಖುಷಿಯಾಗಿ ನಾನು ನೋಡಿರಲಿಲ್ಲ. ಆಮೇಲೆ ನಾನು ಹುಬ್ಬಳ್ಳಿಗೆ ಫೋನ್ ಹಚ್ಚಿ ಸ್ಪೀಕರ್ ಮೇಲಿಡುತ್ತಿದ್ದೆ. ಓಣಿಯ ಹೆಂಗಸರು ಸುತ್ತ ನಿಂತಿರುತ್ತಿದ್ದರು. ಎಷ್ಟಾಯಿತು ಆಯಿ ಎಂದು ದಾನು ಕೇಳುವಳು.

"ನಿನ್ನಿ ಇದ್ದಷ್ಟ ಐತಿ, ಮಗಳ," ಎಂದು ಸಾವಿತ್ರೆವ್ವ ಹೇಳುವಳು.

ಎಂಟು ದಿನವೂ ಅದೇ ಮಾತು. ದಾನುವಿನ ದನಿ ದಿನಕ್ಕಿಷ್ಟು ಸಣ್ಣಗಾಗುತ್ತ ಬಂತು. ಎಂಟನೆಯ ದಿನ ಅವಳು ಫೋನಿಗೇ ಬರಲಿಲ್ಲ, ಅಪ್ಪ ಮಾತಾಡಿದ. ಕಲ್ಲು ನಿಂತುಹೋಯಿತು ಎಂದು ಅವಳೇ ಪ್ರಭು ಸರ್‌ಗೆ ಹೇಳಿಬಿಟ್ಟಳಂತೆ, ನಾಳೆ ಅವರು ಬಂದು ಕೊಯ್ಯಲು ಒಯ್ಯುತ್ತಾರಂತೆ, ಹುಡುಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಳಂತೆ. ಸಾವಿತ್ರೆವ್ವ ಅಷ್ಟರಲ್ಲಿ ಎಮ್ಮೆಗೆ ನೀರು ಕುಡಿಸಲು ಹೋಗಿದ್ದಳು. ನನಗೆ ಕಲ್ಲಿನ ಮೇಲೆ ಎಂಥ ಸಿಟ್ಟು ಬಂತೆಂದರೆ, ಭರಣಿಯ ಮುಂದೆ ನಿಂತು ಬೈದೆ.

ಶನಿವಾರ ಒಂಬತ್ತೂವರೆಗೆ ಪ್ರಭು ಸರ್ ಸ್ಕೂಟರಿನಲ್ಲಿ ಬಂದರು. ಐವತ್ತು ದಾಟಿದ, ಮೃದು ಮಾತಿನ ಮನುಷ್ಯ. ಕಲ್ಲು ಇಡಲು ಹತ್ತಿ ತುಂಬಿದ ಡಬ್ಬಿ, ತಮ್ಮದೊಂದು ಕ್ಯಾಲಿಪರ್ ತಂದಿದ್ದರು. ಅತ್ತೆ ಮನೆಯವರು ಬಂದರು ಎಂದು ಮಲ್ಲಮ್ಮ ಬಾಗಿಲಲ್ಲಿ ಕೂಗಿದಳು, ಅವರಿಗೆ ತಿಳಿಯಲಿಲ್ಲ. ಚಹಾ ಮುಗಿಸಿ ಭರಣಿಗೆ ಕೈ ಹಾಕಿದಾಗ ಸಾವಿತ್ರೆವ್ವ, ಎಲ್ಲಿಗೆ ಒಯ್ಯುತ್ತೀರಿ ಎಂದು ಕೇಳಿದಳು. ಬೆಳೆಯುವುದು ನಿಂತಿದೆ, ಇನ್ನು ಕೊಯ್ದು ನೋಡುವುದೇ ಎಂದು ಅವರು ಇದ್ದದ್ದನ್ನು ಹೇಳಿದರು.

"ನಿಂತೈತಿ ಅಂತ ಯಾರ ಹೇಳಿದ್ರು?"

"ನೀವ ಹೇಳೀರಂತಲ್ರಿ ಅಮ್ಮಾ. ಎಂಟ ದಿನಾನೂ."

ಸಾವಿತ್ರೆವ್ವ ಮೆಲ್ಲಗೆ ಒಳಗೆ ಹೋದಳು. ಸಂಚಿ ತಂದು, ಅದರ ಎರಡನೆಯ ಅರೆಯಿಂದ ದಾರದ ಹದಿನಾರು ತುಂಡು ತೆಗೆದು, ಎಂಟು ಜೋಡಿಯಾಗಿ ಹೊರಸಿನ ಮೇಲೆ ಹಾಸಿದಳು. ಬಾಯಿಂದ ಹೇಳುವುದು ಬೇರೆ, ದಾರ ಇಲ್ಲಿದೆ ಎಂದಳು. ದಿನಾ ಬೆಳೆಯುತ್ತಿದೆ ಎಂದಳು.

ನಾನು ಕೂಗಾಡಿದೆ. ಎಂಟು ದಿನ ಹುಡುಗಿ ದವಾಖಾನೆಯಲ್ಲಿ ಅಳುತ್ತಿದ್ದಾಳೆ, ಇವಳು ಇಲ್ಲಿ ಸುಳ್ಳು ಹೇಳುತ್ತ ಕೂತಿದ್ದಾಳೆ. ಬುದ್ಧಿ ಎಲ್ಲಿಟ್ಟಿದ್ದೀ ಎಂದೆ. ಹಿರಿಯಳಿಗೆ ಅನ್ನಬಾರದ ಮಾತನ್ನೂ ಅಂದೆ. ಅವಳು ಎಲ್ಲ ಕೇಳಿಸಿಕೊಂಡು, ನನಗಲ್ಲ, ಪ್ರಭು ಸರ್‌ಗೆ ಹೇಳಿದಳು.

ಬೆಳೆಯುವ ಹೊಟ್ಟೆಯ ಪೂರ್ತಿ ಅಳತೆಯನ್ನು ಬಾಯಿ ಬಿಟ್ಟು ಹೇಳಬಾರದು, ದೃಷ್ಟಿ ತಾಗುತ್ತದೆ. ನಲವತ್ತು ವರ್ಷ ಯಾವ ಮನೆಯಲ್ಲಿ ಕೇಳಿದರೂ ಅವಳದು ಒಂದೇ ಉತ್ತರ, ಇದ್ದಷ್ಟೇ ಇದೆ. ಆ ಮನೆಯವರಿಗೂ ಅದು ಗೊತ್ತು, ಯಾರೂ ಅದನ್ನು ನಂಬುತ್ತಿರಲಿಲ್ಲ, ಕೇಳಬೇಕೆಂದು ಕೇಳುತ್ತಿದ್ದರು. ಕುಬಸದ ದಿನ ಹನ್ನೊಂದು ಜೋಡಿ ಕಣ್ಣು ಕಲ್ಲಿನ ಮೇಲೆ ಬಿದ್ದವು, ಅದೇ ಮಂದಿ ದಿನಾ ಫೋನಿನ ಸುತ್ತ ನಿಂತಿದ್ದರು. ಅವರ ಮುಂದೆ ಹೇಗೆ ಹೇಳುವುದು. ದಾನು ಬಂದ ದಿನ ದಾರಗಳನ್ನೇ ಕೈಗೆ ಕೊಟ್ಟರಾಯಿತು ಎಂದುಕೊಂಡಿದ್ದಳು. ತನ್ನ ಮಾತನ್ನು ಯಾರಾದರೂ ಬರೆದುಕೊಳ್ಳುತ್ತಾರೆ ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ.

"ನಾ ಒಂದಽ ಸಲ ಹೇಳಿದ್ದೆ, ಸರ," ಎಂದಳು. "ನಂದಽ ಚೊಚ್ಚಲ ಬಸರ. ನಮ್ಮತ್ತಿ ಅಳದಿದ್ರು. ಭಾವಿಕಟ್ಟಿ ಮ್ಯಾಲ ನಿಂತು, ಈ ತಿಂಗಳ ನಾಕ ಬೆರಳ ಬೆಳದೈತಿ ಅಂತ ಎಲ್ಲಾರಿಗೂ ಹೇಳಿದೆ. ಹದಿನೈದ ದಿನಕ್ಕ ಹೋತು. ಯಾರೂ ನನಗ ಏನೂ ಅನ್ನಲಿಲ್ಲ."

ಐವತ್ತೆಂಟು ವರ್ಷದ ಹಿಂದಿನ ಮಾತು. ಬಾಜು ಮನೆಯಲ್ಲೇ ಇದ್ದ ನನಗೆ ಅದು ಗೊತ್ತಿರಲಿಲ್ಲ. ನಾಚಿಕೆಯಿಂದ ನನಗೆ ತಲೆ ಎತ್ತಲು ಆಗಲಿಲ್ಲ.

ಪ್ರಭು ಸರ್ ನನ್ನಿಂದ ಗ್ರಾಫ್ ಹಾಳೆಯ ಪುಸ್ತಕ ಇಸಿದುಕೊಂಡರು. ದಾರಗಳನ್ನು ಒಂದೊಂದಾಗಿ ಕ್ಯಾಲಿಪರಿನಿಂದ ಅಳೆದು ಚುಕ್ಕೆ ಇಟ್ಟರು. ನಡುವಿನ ದಾರಗಳು ಹೆಚ್ಚೂ ಕಡಿಮೆ ಒಂದೇ. ಉದ್ದದ ದಾರಗಳು ಐದು ದಿನ ಕೂದಲೆಳೆಯಷ್ಟೇ ಬೆಳೆದಿದ್ದವು, ಆರನೆಯದು ಒಮ್ಮೆಲೇ ಮೇಲಕ್ಕೆ, ಏಳು ಎಂಟು ಇನ್ನೂ ಮೇಲಕ್ಕೆ. ಅವರ ಪೆನ್ನು ನಿಂತಿತು. ಪಾಚಿ ಪದರ ಪದರವಾಗಿ ಬಿದ್ದು ಒತ್ತಿ ಕೂತದ್ದಲ್ಲವೇ, ಅದಕ್ಕೇ ನಡುವಿಗಿಂತ ಉದ್ದಕ್ಕೆ ಹೆಚ್ಚು ಉಬ್ಬಿದೆ ಎಂದು ತಮ್ಮಷ್ಟಕ್ಕೆ ಗೊಣಗಿದರು. ಆಮೇಲೆ ಆ ಸಭ್ಯ ಮನುಷ್ಯ ಹಿತ್ತಲಲ್ಲಿ ಎರಡು ಸುತ್ತು ಓಡಿದರು. ತಮ್ಮ ವಾದ ಸೋತದ್ದಕ್ಕೆ ಯಾರಾದರೂ ಅಷ್ಟು ಕುಣಿದದ್ದನ್ನು ನಾನು ಕಂಡಿಲ್ಲ. ಎಮ್ಮೆ ಬೆದರಿ ಹಗ್ಗ ಜಗ್ಗಿತು. ಗಲಾಟೆಗೆ ಓಣಿಯೆಲ್ಲ ಬಂದು ನಿಂತಿತು.

ಹತ್ತು ಗಂಟೆಯಾಗಿತ್ತು. ಹುಬ್ಬಳ್ಳಿಗೆ ಫೋನ್ ಹಚ್ಚಿದೆ. ಕಲ್ಲು ಜಿಗಿದಿದೆ, ನಿನ್ನ ಊಹೆಯೇ ಸರಿ ಎಂದು ಸರ್ ಕೂಗಿ ಹೇಳಿದರು. ದಾನು ನಂಬಲಿಲ್ಲ. ರೋಗಿಯನ್ನು ಸಮಾಧಾನ ಮಾಡುವ ಮಾತು ಎಂದುಕೊಂಡಳು. ಆಯಿ ಹೇಳಲಿ, ಎಂದಳು.

ಎಲ್ಲರೂ ಸಾವಿತ್ರೆವ್ವನನ್ನು ನೋಡಿದರು. ಅವಳು ಕಲ್ಲನ್ನು ಎತ್ತಿ, ಒರೆಸಿ, ದಾರ ಹಿಡಿದಳು. ನಿನ್ನೆಯ ದಾರದ ಬಾಜು ಇಂದಿನದನ್ನು ಇಟ್ಟಳು. ಸುತ್ತಲಿನ ಕಣ್ಣುಗಳನ್ನು ಒಮ್ಮೆ ನೋಡಿದಳು. ಬೇಡ ಆಯಿ, ನಾನು ಹೇಳುತ್ತೇನೆ ಎಂದು ಫೋನಿಗೆ ಕೈ ಚಾಚಿದೆ. ಅವಳು ನನ್ನ ಕೈ ಸರಿಸಿದಳು.

"ನಿನ್ನಿಗಿಂತ ಹೆಚ್ಚ ಐತಿ, ಮಗಳ. ಒಂದ ಜ್ವಾಳದ ಕಾಳಿನಷ್ಟ ಹೆಚ್ಚ. ನೀ ಹೋದಾಗಿಂದ ಹಿಡದ್ರ ಅರ್ಧ ಬೆರಳ."

ಆ ಕಡೆಯಿಂದ ನಗುವೋ ಅಳುವೋ ತಿಳಿಯದ ಸದ್ದು, ಹಿಂದೆಯೇ ಮಂಚದಿಂದ ಇಳಿಯಬೇಡಮ್ಮಾ ಎಂದು ನರ್ಸ್ ಬೈಯುವುದು ಕೇಳಿಸಿತು. ಪ್ರಭು ಸರ್ ಖಾಲಿ ಡಬ್ಬಿ, ಮಲ್ಲಮ್ಮ ಕಟ್ಟಿಕೊಟ್ಟ ಮಾದಲಿಯೊಂದಿಗೆ ಹೊರಟರು. ಕ್ಯಾಲಿಪರನ್ನು ನನ್ನ ಕೈಗೆ ಕೊಟ್ಟು, ದಾರದ ಅಳತೆಯೂ ನಡೆಯಲಿ ಎಂದರು.

ಓಣಿಗೆಲ್ಲ ಹಬ್ಬ. ಆದರೆ ಸಾವಿತ್ರೆವ್ವ ಅಂದು ಊಟ ಮಾಡಲಿಲ್ಲ. ನಾನು ರೊಟ್ಟಿ, ಬದನಿಕಾಯಿ ಪಲ್ಯೆ ಒಯ್ದು ಕೊಟ್ಟರೂ ಮುಟ್ಟಲಿಲ್ಲ. ಭರಣಿಯ ಬಾಜು ಕೂತು ಅದನ್ನೇ ನೋಡುತ್ತಿದ್ದಳು. ಕಲ್ಲಿಗೆ ದೃಷ್ಟಿ ತಾಗುವುದಿಲ್ಲ ಎಂದು ಹೇಳಲು ನನ್ನ ಬಾಯಿಗೆ ಬಂದಿತ್ತು. ಬೆಳಿಗ್ಗೆ ಅಷ್ಟು ಬೈದವಳು ಯಾವ ಮುಖ ಹೊತ್ತು ಹೇಳಲಿ. ಸುಮ್ಮನೆ ಅವಳ ಬಾಜು ಕೂತೆ.

ಭಾನುವಾರ ಹತ್ತಕ್ಕೆ ಅವಳು ಮುಚ್ಚಳ ತೆರೆಯಲು ಒಲ್ಲೆ ಎಂದಳು. ನೀನೇ ತೆಗೆ ಎಂದಳು. ನಾನು ಮೊದಲ ಸಲ ಚಿಮಟಿಗೆ ಹಿಡಿದು ಕಲ್ಲನ್ನು ಎತ್ತಿದೆ. ಒಡೆದಿರಲಿಲ್ಲ, ಸೀಳಿರಲಿಲ್ಲ, ಕರ್ರಗೆ, ಗುಂಡಗೆ, ಹಾಗೇ ಇತ್ತು. ಒರೆಸಿ ಅವಳ ಮುಂದೆ ಹಿಡಿದೆ. ಅವಳು ದಾರ ಹಿಡಿದು ಕತ್ತರಿಸಿ, ನಿನ್ನೆಯ ದಾರದ ಬಾಜು ಇಟ್ಟಳು. ಮತ್ತೂ ಬೆಳೆದಿತ್ತು. ನಂಬದೆ ತಿರುಗಿಸಿ ಇಟ್ಟು ನೋಡಿದಳು. ನಾನು ಕ್ಯಾಲಿಪರಿನಿಂದ ಅಳೆದೆ, ಅದೂ ಹಾಗೇ ಹೇಳಿತು. ಕಲ್ಲನ್ನು ಒಳಗೆ ಬಿಟ್ಟು ಮುಚ್ಚಳ ಹಾಕಿದೆ.

ಅವಳು ದಾರವನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಬಹಳ ಹೊತ್ತು ಕೂತಳು.

"ಶೈಲಾ," ಎಂದಳು, "ಹಂಗಾರ ಅದು ನಾ ಹೇಳಿದ್ದಕ್ಕ ಹೋಗಿದ್ದಲ್ಲ."

"ಅಲ್ಲ ಆಯಿ," ಎಂದೆ.

ಅವಳು ಕಣ್ಣೊರೆಸಿಕೊಂಡಳು, ಸೆರಗನ್ನು ನಡುವಿಗೆ ಸಿಕ್ಕಿಸಿಕೊಂಡಳು, ಹೊರಬಾಗಿಲಿಗೆ ಹೋಗಿ ನಿಂತು, ಆ ದಿನದ ಪೂರ್ತಿ ಅಳತೆಯನ್ನು ಓಣಿಗೆಲ್ಲ ಕೇಳುವಂತೆ ಹೇಳಿದಳು.